ಎಳೆಗಣ್ಣಿನ ಪೊರೆಗೆ ಬೆಳಕಿನ ಕತ್ತರಿ



ಹೋದ ವರ್ಷದ ಮಾತು. ಹಾವೇರಿ ಕಡೆಯ ಒಬ್ಬ ಅಜ್ಜಿ ಮೂರು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನೆದುರು ಕೂತಿದ್ದರು. ಪಕ್ಕದಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡ ಬಾಣಂತಿ ಮಗಳು. ಕೂಸಿನ ಎರಡೂ ಕಣ್ಣಿನ ಪಾಪೆ ಕಪ್ಪಗಿರಲಿಲ್ಲ; ಮಜ್ಜಿಗೆಯ ಹನಿ ಬಿದ್ದ ಹಾಗೆ ಬೆಳ್ಳಗಿತ್ತು. ಪರೀಕ್ಷೆ ಮುಗಿಸಿ, ಇದು ಹುಟ್ಟಿನಿಂದ ಬಂದ ಪೊರೆ, ತೆಗೆಯಬೇಕು ಎಂದೆ. ಅಜ್ಜಿ ಗಾಬರಿಯಾಗಲಿಲ್ಲ. ‘ಹಂಗಾರ ಲೇಸರ್‌ನಾಗ ತಗದುಬಿಡ್ರೀ ಡಾಕ್ಟರ್ರ. ನಮ್ಮ ಯಜಮಾನ್ರಿಗೂ ಲೇಸರ್‌ನಾಗ ತಗದಾರ. ಕತ್ತರಿ ಇಲ್ಲ, ಹೊಲಿಗಿ ಇಲ್ಲ, ಸಂಜಿಗೆ ಮನಿಗೆ ಬಂದ್ರು. ಕೂಸಿಗೂ ಹಂಗ ಮಾಡ್ರಿ’ ಅಂದರು.

ಆಮೇಲೆ ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು. ‘ಹುಟ್ಟಿದ ಹದಿನೈದು ದಿನಕ್ಕ ನನಗ ಗೊತ್ತಾಗಿತ್ರೀ. ಬಾಣಂತನ ಮುಗೀಲಿ, ಪೊರಿ ಒಂಚೂರು ಬಲೀಲಿ ಅಂತ ಕಾದ್ವಿ.’

ಅಜ್ಜಿಯ ಈ ಎರಡು ಮಾತುಗಳೇ ಇವತ್ತಿನ ನನ್ನ ಭಾಷಣ. ಒಂದು ಲೇಸರಿನ ಮಾತು, ಇನ್ನೊಂದು ಕಾದ ಮಾತು. ಕೇಳುವವರಿಗೆ ಲೇಸರಿನ ಮಾತೇ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ.

ಪೊರೆ ಅಂದಾಕ್ಷಣ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕಣ್ಣಿನ ಮೇಲೆ ಏನೋ ಬೆಳೆದಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪಾಪೆಯ ಹಿಂದೆ, ಕಣ್ಣಿನ ಒಳಗಡೆ, ಒಂದು ಸ್ವಚ್ಛವಾದ ಮಸೂರ ಇದೆ. ಹೊರಗಿನ ಬೆಳಕನ್ನು ಒಳಗಿನ ರೆಟಿನಾ ಎಂಬ ಪರದೆಯ ಮೇಲೆ ಕೂಡಿಸುವುದು ಅದರ ಕೆಲಸ. ಆ ಮಸೂರವೇ ಮಂಜಾದರೆ ಅದಕ್ಕೆ ಪೊರೆ ಎನ್ನುತ್ತೇವೆ. ಹಿದುಕಿದ ಅವರೆ ಮಾಡುವ ಮನೆಯವರಿಗೆ ಈ ಮಸೂರದ ರಚನೆ ಬೇಗ ಅರ್ಥವಾಗುತ್ತದೆ. ನೆನೆದ ಅವರೆಕಾಳಿನ ಮೇಲೆ ತೆಳುವಾದ ಸಿಪ್ಪೆ, ಒಳಗೆ ತಿರುಳು. ಮಸೂರಕ್ಕೂ ಅಂಥದೇ ಒಂದು ಸಿಪ್ಪೆ ಇದೆ, ಬಹಳ ತೆಳು, ಗಾಜಿನಷ್ಟು ತಿಳಿ. ಇಂದಿನ ಪೊರೆ ಶಸ್ತ್ರಚಿಕಿತ್ಸೆ ಅಂದರೆ ಆ ಸಿಪ್ಪೆಯ ಮುಂಭಾಗದಲ್ಲಿ ಒಂದು ದುಂಡನೆಯ ಕಿಟಕಿ ತೆರೆದು, ಒಳಗಿನ ಮಂಜಾದ ತಿರುಳನ್ನು ತೆಗೆದು, ಸಿಪ್ಪೆಯನ್ನು ಹಾಗೇ ಉಳಿಸಿಕೊಳ್ಳುವುದು. ಖಾಲಿಯಾದ ಆ ಚೀಲದೊಳಗೆ ದೊಡ್ಡವರಿಗೆ ಕೃತಕ ಲೆನ್ಸ್ ಕೂರಿಸುತ್ತೇವೆ.

ಅಜ್ಜಿಯ ಯಜಮಾನರಿಗೆ ಮಾಡಿದ್ದು ಏನು? ಬಹುಮಟ್ಟಿಗೆ ಅದು ಲೇಸರ್ ಅಲ್ಲ. ವಯಸ್ಸಾದವರ ಮಸೂರ ಕೊಬ್ಬರಿಯಂತೆ ಗಟ್ಟಿ. ಅದನ್ನು ಒಳಗೇ ಪುಡಿ ಮಾಡಿ ಹೀರಿಕೊಳ್ಳುವ ಯಂತ್ರ ಕೆಲಸ ಮಾಡುವುದು ಅಲ್ಟ್ರಾಸೌಂಡಿನಿಂದ, ಅಂದರೆ ನಮ್ಮ ಕಿವಿಗೆ ಕೇಳದ ಶಬ್ದದ ಕಂಪನದಿಂದ. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯರು 1967ರಲ್ಲಿ ಮೊದಲು ಮಾಡಿದ ಕ್ರಮ ಅದು; ಫೇಕೋ ಎಂದು ಅದರ ಹೆಸರು. ಗಾಯ ಚಿಕ್ಕದು, ಹೊಲಿಗೆ ಬೇಡ. ಅದು ನಮ್ಮ ಊರುಗಳಿಗೆ ಬಂದಾಗ ಜನ ಅದನ್ನು ಲೇಸರ್ ಅಂದರು. ಎಷ್ಟೋ ಕಡೆ ಆಸ್ಪತ್ರೆಯವರೂ ತಿದ್ದಲಿಲ್ಲ. ತಿದ್ದಬೇಕಾಗಿತ್ತು ಎನ್ನುವುದು ನನ್ನ ಅಭಿಪ್ರಾಯ. ಹೆಸರು ತಪ್ಪಾದಾಗ ಜನ ತಪ್ಪು ವಸ್ತುವನ್ನು ಕೇಳಿಕೊಂಡು ಊರೂರು ಅಲೆಯುತ್ತಾರೆ, ಅಲೆಯುವಷ್ಟರಲ್ಲಿ ಕೂಸಿನ ದಿನಗಳು ಕಳೆದುಹೋಗುತ್ತವೆ.

ಹಾಗಾದರೆ ಪೊರೆಗೆ ನಿಜವಾದ ಲೇಸರ್ ಇಲ್ಲವೇ? ಇದೆ. ಅದರ ಹೆಸರು ಫೆಮ್ಟೋಸೆಕೆಂಡ್ ಲೇಸರ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಫೆಮ್ಟೋಸೆಕೆಂಡ್. ಒಂದು ಸೆಕೆಂಡಿಗೆ ಭೂಮಿಯನ್ನು ಏಳು ಸುತ್ತು ಹಾಕಬಲ್ಲ ಬೆಳಕು, ಒಂದು ಫೆಮ್ಟೋಸೆಕೆಂಡಿನಲ್ಲಿ ತಲೆಕೂದಲಿನ ದಪ್ಪದ ನೂರನೇ ಒಂದು ಪಾಲನ್ನೂ ದಾಟಲಾರದು. ಅಷ್ಟು ಗಿಡ್ಡ ಮಿಡಿತದಲ್ಲಿ ಬೆಳಕನ್ನು ಒಂದು ಬಿಂದುವಿಗೆ ಕೂಡಿಸಿದರೆ, ಆ ಬಿಂದುವಿನಲ್ಲಿ ಮಾತ್ರ ಕಣ್ಣಿಗೆ ಕಾಣದ ಗುಳ್ಳೆಯೊಂದು ಹುಟ್ಟಿ ಅಲ್ಲಿಯ ಪದರ ಬಿಡಿಸಿಕೊಳ್ಳುತ್ತದೆ. ಸುತ್ತಲಿನದಕ್ಕೆ ಬಿಸಿ ತಗಲುವಷ್ಟು ಸಮಯವೇ ಇರುವುದಿಲ್ಲ. ಇಂಥ ಗಿಡ್ಡ ಮಿಡಿತಕ್ಕೆ ಬಲ ತುಂಬುವ ಉಪಾಯವನ್ನು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಅವರ ಗುರು ಜೆರಾರ್ ಮೂರು ಕಂಡುಹಿಡಿದರು. ಆ ಕೆಲಸಕ್ಕೆ 2018ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ಪ್ರಯೋಗಾಲಯದ ಈ ಬೆಳಕು ಕಣ್ಣಿನ ಆಸ್ಪತ್ರೆಗೆ ಬಂದದ್ದು ಒಂದು ಅಪಘಾತದಿಂದ. ತೊಂಬತ್ತರ ದಶಕದಲ್ಲಿ, ಜೆರಾರ್ ಮೂರು ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದಾಗ, ಅವರ ಪ್ರಯೋಗಾಲಯದ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಆಕಸ್ಮಿಕವಾಗಿ ಲೇಸರ್ ತಗುಲಿತು. ಪರೀಕ್ಷಿಸಿದ ಯುವ ವೈದ್ಯ ರಾನ್ ಕರ್ಟ್ಜ್, ಗಾಯದ ಅಂಚು ಎಷ್ಟು ಅಚ್ಚುಕಟ್ಟಾಗಿದೆ ಎಂದು ಬೆರಗಾದರು. ಇಷ್ಟು ನಯವಾಗಿ ಕೊರೆಯುವ ಬೆಳಕನ್ನು ಚಿಕಿತ್ಸೆಗೆ ಏಕೆ ಬಳಸಬಾರದು ಎಂಬ ಯೋಚನೆ ಅಲ್ಲಿಂದ ಬೆಳೆಯಿತು. ಮೊದಲು ಕನ್ನಡಕ ಬಿಡಿಸುವ ಲೇಸಿಕ್ ಚಿಕಿತ್ಸೆಗೆ ಬಂತು. 2008ರಲ್ಲಿ ಹಂಗೆರಿಯ ಬುಡಾಪೆಸ್ಟಿನ ಜೋಲ್ಟಾನ್ ನಾಜ್ ಅದನ್ನು ದೊಡ್ಡವರ ಪೊರೆಗೆ ಬಳಸಿದರು. ಮುಂದೆ ಜರ್ಮನಿಯ ಬೋಕುಮ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಬುರ್ಕ್‌ಹಾರ್ಡ್ ಡಿಕ್ ಮತ್ತು ಟಿಮ್ ಶುಲ್ಟ್ಸ್ ಹಸುಗೂಸುಗಳ ಕಣ್ಣಿನಲ್ಲಿ ಅದನ್ನು ಬಳಸಿ 2013ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು.

ಕೂಸಿನ ಮಸೂರಕ್ಕೆ ಲೇಸರ್ ಏಕೆ ಬೇಕಾಯಿತು? ಒಳಗಿನದನ್ನು ಒಡೆಯುವುದಕ್ಕಂತೂ ಅಲ್ಲ. ತಾತನ ಮಸೂರ ಕೊಬ್ಬರಿಯಾದರೆ ಮಗುವಿನ ಮಸೂರ ಎಳನೀರಿನ ಗಂಜಿ. ಸಣ್ಣ ಕೊಳವೆಯಿಂದ ಹೀರಿದರೆ ಬಂದುಬಿಡುತ್ತದೆ. ತೊಂದರೆ ಇರುವುದು ಸಿಪ್ಪೆಯಲ್ಲಿ. ಎಳೆ ಸಿಪ್ಪೆ ರಬ್ಬರಿನ ಹಾಗೆ ಹಿಗ್ಗುತ್ತದೆ. ದೊಡ್ಡವರ ಕಣ್ಣಿನಲ್ಲಿ ಚಿಮಟದಿಂದ ಹಿಡಿದು ವೃತ್ತಾಕಾರವಾಗಿ ಸುಲಿಯುತ್ತ ಬಂದರೆ ದುಂಡನೆಯ ಕಿಟಕಿ ಸಿಗುತ್ತದೆ. ಮಗುವಿನ ಕಣ್ಣಿನಲ್ಲಿ ಅದೇ ರೀತಿ ಎಳೆದರೆ ಮೊದಲು ಹಿಗ್ಗಿ, ಆಮೇಲೆ ಥಟ್ಟನೆ ಅಂಚಿನ ಕಡೆಗೆ ಹರಿದುಕೊಂಡು ಓಡುತ್ತದೆ. ಮೇಲಾಗಿ ಮಗುವಿನ ಕಣ್ಣಿನ ಗೋಡೆ ಮೆತ್ತಗೆ. ಮಸೂರದ ಹಿಂದೆ ಕಣ್ಣನ್ನು ತುಂಬಿರುವ ಲೋಳೆ ಮಸೂರವನ್ನು ಮುಂದಕ್ಕೆ ದೂಡುತ್ತಿರುತ್ತದೆ. ಹರುಕು ಒಮ್ಮೆ ಅಂಚಿಗೆ ಹೋಯಿತೆಂದರೆ ಲೆನ್ಸ್ ಕೂರಿಸಲು ಭದ್ರವಾದ ಜಾಗ ಉಳಿಯುವುದಿಲ್ಲ. ಮಕ್ಕಳ ಪೊರೆ ತೆಗೆಯುವವರು ಉಸಿರು ಬಿಗಿಹಿಡಿದು ಮಾಡುವ ಕೆಲಸ ಈ ಒಂದು ಕಿಟಕಿ. ಎಷ್ಟು ವರ್ಷ ಮಾಡಿದರೂ ಆ ಅರ್ಧ ನಿಮಿಷ ನನಗೆ ಹಗುರವಾಗಿಲ್ಲ.

ಲೇಸರ್ ಈ ಕಿಟಕಿಯನ್ನು ಮುಟ್ಟದೆ, ಎಳೆಯದೆ ಕೊರೆಯುತ್ತದೆ. ಮಲಗಿದ ಮಗುವಿನ ಕಣ್ಣಿನ ಮೇಲೆ ಒಂದು ಬಳೆಯಂಥ ಸಾಧನ ಇಟ್ಟು, ಅದರಲ್ಲಿ ಉಪ್ಪುನೀರಿನ ದ್ರವ ತುಂಬುತ್ತಾರೆ. ಕಣ್ಣಿನ ಒಳಗಿನ ಪದರಗಳ ಚಿತ್ರವನ್ನು ಯಂತ್ರವೇ ತೆಗೆದು ತೆರೆಯ ಮೇಲೆ ತೋರಿಸುತ್ತದೆ. ವೈದ್ಯರು ವೃತ್ತ ಎಲ್ಲಿ ಬರಬೇಕು, ಎಷ್ಟು ಅಗಲ ಎಂದು ಗುರುತು ಹಾಕಿ ಪೆಡಲ್ ಒತ್ತುತ್ತಾರೆ. ಕೆಲವೇ ಸೆಕೆಂಡು. ಅಂಚೆಚೀಟಿಗಳ ನಡುವೆ ಹರಿಯಲು ಅನುಕೂಲವಾಗುವಂತೆ ಸಾಲು ತೂತು ಇರುತ್ತವಲ್ಲ, ಹಾಗೆ ಬೆಳಕಿನ ಸಣ್ಣ ಸಣ್ಣ ಚುಕ್ಕಿಗಳು ವೃತ್ತವಾಗಿ ಕೂತು ಸಿಪ್ಪೆಯನ್ನು ಬಿಡಿಸುತ್ತವೆ.

ಬೋಕುಮ್‌ನವರು ಇಲ್ಲೊಂದು ಸಂಗತಿ ಕಂಡರು, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಯಂತ್ರಕ್ಕೆ ಹೇಳಿದ ಅಳತೆಗಿಂತ ಕಿಟಕಿ ದೊಡ್ಡದಾಗಿ ತೆರೆದುಕೊಳ್ಳುತ್ತಿತ್ತು! ಯಂತ್ರ ತಪ್ಪಿರಲಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ರಬ್ಬರ್ ಹಾಳೆಯಲ್ಲಿ ನಾಲ್ಕಾಣೆ ಗಾತ್ರದ ತೂತು ಕೊರೆಯಿರಿ, ಹಾಳೆ ಸುತ್ತಲೂ ಹಿಂದಕ್ಕೆ ಸೆಳೆದುಕೊಂಡು ತೂತು ಎಂಟಾಣೆಯಷ್ಟಾಗುತ್ತದೆ. ಎಳೆ ಸಿಪ್ಪೆಯೂ ಹಾಗೆ. ಮಗು ಎಷ್ಟು ಚಿಕ್ಕದೋ ಹಿಗ್ಗುವಿಕೆ ಅಷ್ಟು ಹೆಚ್ಚು. ಆದ್ದರಿಂದ ಮಗುವಿನ ವಯಸ್ಸನ್ನು ನೋಡಿ ಯಂತ್ರಕ್ಕೆ ಬೇಕೆಂದೇ ಚಿಕ್ಕ ಅಳತೆ ಕೊಡುವ ಲೆಕ್ಕವನ್ನು ಅವರು ಮಾಡಿಕೊಟ್ಟರು. ಬೋಕುಮ್ ಸೂತ್ರ ಎಂದೇ ಅದಕ್ಕೆ ಹೆಸರು. ದೊಡ್ಡವರ ಕಣ್ಣಿಗೆ ಕಟ್ಟಿದ ಯಂತ್ರಕ್ಕೆ ಮಗುವಿನ ಕಣ್ಣಿನ ಸ್ವಭಾವವನ್ನು ವೈದ್ಯರೇ ಕಲಿಸಬೇಕಾಯಿತು.

ಸಿಪ್ಪೆಗೆ ಹಿಂಭಾಗವೂ ಇದೆ. ದೊಡ್ಡವರಲ್ಲಿ ಅದನ್ನು ಮುಟ್ಟುವುದಿಲ್ಲ. ವರ್ಷಗಳ ಮೇಲೆ ಕೆಲವರಿಗೆ ಅದು ಮಂಜಾಗುತ್ತದೆ. ಆಗ ಯಾಗ್ ಎಂಬ ಇನ್ನೊಂದು ಲೇಸರಿನ ಮುಂದೆ ಗಲ್ಲ ಇಟ್ಟು ಕೂತರೆ ಎರಡು ನಿಮಿಷದ ಕೆಲಸ. ಕೂಸಿನ ಕಣ್ಣಿನಲ್ಲಿ ಹಿಂದಿನ ಸಿಪ್ಪೆಯನ್ನು ಹಾಗೇ ಬಿಟ್ಟರೆ ಅದು ಮಂಜಾಗುವುದು ಹೆಚ್ಚುಕಡಿಮೆ ಖಂಡಿತ, ಅದೂ ತಿಂಗಳುಗಳಲ್ಲೇ. ಯಾಗ್ ಯಂತ್ರದ ಮುಂದೆ ಕೂಸು ಕೂರುತ್ತದೆಯೇ? ಅದಕ್ಕೇ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹಿಂದಿನ ಸಿಪ್ಪೆಯಲ್ಲೂ ಒಂದು ಕಿಟಕಿ ತೆರೆದು, ಅದರ ಹಿಂದಿನ ಲೋಳೆಯನ್ನು ಸ್ವಲ್ಪ ಕತ್ತರಿಸಿ ತೆಗೆಯುತ್ತೇವೆ. ಈ ಹಿಂದಿನ ಕಿಟಕಿಯನ್ನೂ ಫೆಮ್ಟೋ ಲೇಸರಿನಿಂದ ಮಾಡಬಹುದು. ಆದರೆ ಬೆಳ್ಳಗಿನ ಪೊರೆಯನ್ನು ದಾಟಿ ಬೆಳಕು ಹಿಂದಕ್ಕೆ ಹೋಗದು. ಮೊದಲು ತಿರುಳು ತೆಗೆದು, ಮತ್ತೊಮ್ಮೆ ಕಣ್ಣಿಗೆ ಬಳೆ ಕೂರಿಸಿ, ಮತ್ತೊಮ್ಮೆ ಚಿತ್ರ ತೆಗೆದು ಕೊರೆಯಬೇಕು.

ಈಗ ಕಷ್ಟಗಳ ಮಾತು. ಹುಟ್ಟಿದ ಕೂಸಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್; ದೊಡ್ಡವರದು 23-24. ರೆಪ್ಪೆಗಳ ನಡುವಿನ ಸಂದಿ ಅದಕ್ಕಿಂತಲೂ ಇಕ್ಕಟ್ಟು. ದೊಡ್ಡವರಿಗಾಗಿ ಮಾಡಿದ ಬಳೆ ಅಲ್ಲಿ ಕೂರುವುದೇ ಕಷ್ಟ. ದೊಡ್ಡವರು ಎಚ್ಚರವಿದ್ದು ಅಲುಗಾಡದೆ ಮಲಗುತ್ತಾರೆ; ಮಗುವಿಗೆ ಪೂರ್ತಿ ಅರಿವಳಿಕೆ ಬೇಕು. ಎಷ್ಟೋ ಆಸ್ಪತ್ರೆಗಳಲ್ಲಿ ಲೇಸರ್ ಯಂತ್ರ ಒಂದು ಕೋಣೆಯಲ್ಲಿ, ಆಪರೇಷನ್ ಥಿಯೇಟರ್ ಇನ್ನೊಂದರಲ್ಲಿ. ಉಸಿರಿನ ಕೊಳವೆ ಹಾಕಿದ ಮೂರು ಕಿಲೋ, ನಾಲ್ಕು ಕಿಲೋ ತೂಕದ ಕೂಸನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದು ಅರಿವಳಿಕೆ ವೈದ್ಯರಿಗೆ ಸಣ್ಣ ಚಿಂತೆಯಲ್ಲ. ಕೂಸಿನ ಪಾಪೆ ಔಷಧಿ ಹಾಕಿದರೂ ಚೆನ್ನಾಗಿ ಅರಳುವುದಿಲ್ಲ. ಲೇಸರ್ ತಗುಲಿದ ಮೇಲೆ ಇನ್ನಷ್ಟು ಕುಗ್ಗಬಹುದು. ಯಂತ್ರದ ಬೆಲೆ ಕೋಟಿಗಳಲ್ಲಿ. ಹೊಲಿಗೆ ಇಲ್ಲದ ಆಪರೇಷನ್ ಎಂಬ ಆಸೆಯೂ ಇಲ್ಲಿ ಈಡೇರುವುದಿಲ್ಲ. ಮೆತ್ತನೆಯ ಕಣ್ಣಿನ ಗಾಯ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಮಗು ಕಣ್ಣನ್ನು ಉಜ್ಜುತ್ತದೆ, ಒಂದೆರಡು ಸಣ್ಣ ಹೊಲಿಗೆ ಹಾಕಲೇಬೇಕು.

ಇಷ್ಟೆಲ್ಲ ಮಾಡಿ ಲಾಭ ಎಷ್ಟು? ದೊಡ್ಡವರ ಪೊರೆಯಲ್ಲೇ ನೋಡಿ. ಫ್ರಾನ್ಸಿನಲ್ಲೂ ಬ್ರಿಟನ್ನಿನಲ್ಲೂ ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನಗಳು 2020ರಲ್ಲಿ ಪ್ರಕಟವಾದವು. ಲೇಸರ್ ಬಳಸಿದವರ ದೃಷ್ಟಿ ಬಳಸದವರಿಗಿಂತ ಮೇಲೇನೂ ಆಗಿರಲಿಲ್ಲ. ಮಕ್ಕಳಲ್ಲಿ ಸಿಪ್ಪೆಯ ಕಷ್ಟ ಬೇರೆಯಾದ್ದರಿಂದ ಅದೇ ತೀರ್ಪನ್ನು ಇಲ್ಲಿಗೆ ತಂದು ಅಂಟಿಸಲಾರೆ. ಆದರೆ ಕಣ್ಣಿನ ಲೋಳೆ ಕತ್ತರಿಸುವ ಸಣ್ಣ ಕಟರ್‌ನಿಂದ, ಪಳಗಿದ ಕೈ, ಈ ಎರಡೂ ಕಿಟಕಿಗಳನ್ನು ಇವತ್ತೂ ಚೆನ್ನಾಗಿಯೇ ತೆರೆಯುತ್ತದೆ. ಆದ್ದರಿಂದ ನಾನು ತಂದೆತಾಯಿಗೆ ನೇರವಾಗಿ ಹೇಳುವುದು ಇಷ್ಟು. ನೀವು ಹೋದ ಆಸ್ಪತ್ರೆಯಲ್ಲಿ ಲೇಸರ್ ಇದೆ, ಮಕ್ಕಳ ಪೊರೆಯಲ್ಲಿ ಪಳಗಿದ ವೈದ್ಯರು ಇದು ನಿಮ್ಮ ಮಗುವಿನ ಕಣ್ಣಿಗೆ ಹೊಂದುತ್ತದೆ ಅಂದರು, ಮಾಡಿಸಿ. ಅದು ಇಲ್ಲ ಎಂದು ಇನ್ನೊಂದು ಊರು ಹುಡುಕುತ್ತ ತಿಂಗಳು ಕಳೆಯಬೇಡಿ. ಅದಕ್ಕಾಗಿ ಹೊಲ ಅಡವಿಡಬೇಡಿ. ಮಕ್ಕಳ ಕಣ್ಣಿನ ವೈದ್ಯರು, ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವ ಇರುವವರು, ಈ ಇಬ್ಬರು ಎಲ್ಲಿದ್ದಾರೋ ಅಲ್ಲಿಗೆ ಹೋಗಿ.

ಇನ್ನು ಅಜ್ಜಿಯ ಎರಡನೆಯ ಮಾತು: ಬಲೀಲಿ ಅಂತ ಕಾದ್ವಿ.

ಹಿಂದಿನ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಬಲಿತ ಪೊರೆಯನ್ನು ಹೊರತೆಗೆಯುವುದು ಆಗಿನ ಸಲಕರಣೆಗಳಿಗೆ ಸುಲಭವಾಗಿತ್ತು. ಡಾ. ಎಂ. ಸಿ. ಮೋದಿಯವರ ಶಿಬಿರಗಳನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಊರೂರಿಗೆ ಹೋಗಿ ಒಂದೇ ದಿನ ನೂರಾರು ಜನರ ಪೊರೆ ತೆಗೆದ ಮಹನೀಯರು ಅವರು. ನಮ್ಮ ಜನ ಪೊರೆಯ ಬಗ್ಗೆ ತಿಳಿದದ್ದೆಲ್ಲ ಅಂಥ ಶಿಬಿರಗಳ ಸಾಲಿನಲ್ಲಿ ಕೂತಿದ್ದ ಮುದುಕರಿಂದ. ಮುದುಕರು ಒಂದು ವರ್ಷ ಕಾದರೆ ನಷ್ಟವಾಗುವುದು ಒಂದು ವರ್ಷ. ಪೊರೆ ತೆಗೆದ ಮರುದಿನ ಅವರಿಗೆ ಹಳೆಯ ಲೋಕ ಮತ್ತೆ ಕಾಣುತ್ತದೆ, ಏಕೆಂದರೆ ನೋಡುವುದನ್ನು ಅವರ ಮೆದುಳು ಎಂದೋ ಕಲಿತಿದೆ.

ಕೂಸಿನ ಮೆದುಳು ಇನ್ನೂ ಕಲಿತಿಲ್ಲ. ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಅರವತ್ತರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ವಾರಗಳಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ರೆಪ್ಪೆ ತೆರೆದಾಗ ಕಣ್ಣು ಸರಿಯಾಗಿಯೇ ಇತ್ತು, ಆದರೆ ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟಿತ್ತು. ಆ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. ಅವರಿಗೆ 1981ರಲ್ಲಿ ನೊಬೆಲ್ ಬಂತು, ನಮಗೆ ಗಡುವು ಗೊತ್ತಾಯಿತು. ಒಂದೇ ಕಣ್ಣಿನಲ್ಲಿ ದಟ್ಟವಾದ ಪೊರೆ ಇದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿನಲ್ಲಿ ಇದ್ದರೆ ಸುಮಾರು ಎಂಟು ವಾರದೊಳಗೆ ತೆಗೆದರೆ ಒಳ್ಳೆಯದು. ಅದು ದಾಟಿದರೆ ಕಣ್ಣುಗಳು ನೆಲೆ ಸಿಗದೆ ಅತ್ತಿತ್ತ ಅದುರಲು ಶುರುವಾಗುತ್ತವೆ. ಬಾಣಂತಿ ಕೋಣೆಯ ಮಬ್ಬಿನಲ್ಲಿ, ಕಾಡಿಗೆ ತೀಡಿದ ಕಣ್ಣುಗಳ ಹಿಂದೆ, ಈ ಆರೇಳು ವಾರ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತವೆ. ಬಾಣಂತನದ ಆರೈಕೆಯನ್ನು ನಾನು ಹಳಿಯುತ್ತಿಲ್ಲ. ಆ ಆರೈಕೆಯ ನಡುವೆ ಒಂದು ದಿನ ಕೂಸನ್ನು ಬೆಳಕಿಗೆ ತನ್ನಿ ಎನ್ನುತ್ತಿದ್ದೇನೆ.

ತಡವಾದವರೂ ಕೈಬಿಡಬೇಕಾಗಿಲ್ಲ. ಅಮೆರಿಕದ ಎಂ.ಐ.ಟಿ.ಯ ಪವನ್ ಸಿನ್ಹಾ ನಮ್ಮ ದೇಶದಲ್ಲಿ ನಡೆಸುವ ಪ್ರಕಾಶ್ ಯೋಜನೆಯಲ್ಲಿ, ಹುಟ್ಟಿನಿಂದ ಕುರುಡಾಗಿದ್ದು ಎಂಟು, ಹತ್ತು, ಹದಿನೈದು ವರ್ಷದಲ್ಲಿ ಪೊರೆ ತೆಗೆಸಿಕೊಂಡ ಮಕ್ಕಳು ನಿಧಾನವಾಗಿ ನೋಡಲು ಕಲಿತದ್ದು ದಾಖಲಾಗಿದೆ. ಅವರ ನೋಟ ಪೂರ್ತಿ ಚುರುಕಾಗಲಿಲ್ಲ, ಆದರೆ ಬದುಕು ಬದಲಾಯಿತು.

ಪೊರೆ ಏಕೆ ಬರುತ್ತದೆ ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ, ಗ್ರಹಣದ ಮಾತನ್ನೂ ಎತ್ತುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪೂ ಅಲ್ಲ. ಕೆಲವು ವಂಶದಿಂದ ಬರುತ್ತವೆ, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಆದರೆ ಒಂದು ಕಾರಣವನ್ನು ನಾವು ತಡೆಯಬಲ್ಲೆವು. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು, ಪೊರೆ ಬಂದ ಕೂಸುಗಳ ತಾಯಂದಿರಲ್ಲಿ ಬಹುಪಾಲು ಜನಕ್ಕೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ಸೋಂಕು ಬಂದಿತ್ತು ಎಂದು ತೋರಿಸಿದರು. ಕಾಯುವ ಕೋಣೆಯಲ್ಲಿ ತಾಯಂದಿರು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿನಿಂದ ಅವರಿಗೆ ಸುಳಿವು ಸಿಕ್ಕಿತೆಂದು ಹೇಳುತ್ತಾರೆ. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಈಗ ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಡೋಸ್ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ. ಇವತ್ತು ಹೆಣ್ಣುಮಗುವಿಗೆ ಹಾಕಿಸಿದ ಆ ಲಸಿಕೆ ಮುಂದೆ ಅವಳ ಕೂಸಿನ ಕಣ್ಣನ್ನೂ ಕಾಯುತ್ತದೆ.

ಶಸ್ತ್ರಚಿಕಿತ್ಸೆ ಮುಗಿಯಿತು ಅಂದರೆ ನನ್ನ ಕೆಲಸ ಮುಗಿಯಿತು, ತಾಯಿಯ ಕೆಲಸ ಶುರುವಾಯಿತು. ಮಸೂರ ಹೋದ ಕಣ್ಣಿಗೆ ಬೆಳಕನ್ನು ಕೂಡಿಸಲು ಏನಾದರೂ ಬೇಕು. ಕೂಸಿನ ಕಣ್ಣು ಇನ್ನೂ ಬೆಳೆಯುವುದರಿಂದ ಒಳಗೆ ಲೆನ್ಸ್ ಕೂರಿಸುವ ಆತುರ ಬೇಡ ಎನ್ನುವವರೇ ಹೆಚ್ಚು. ಅಮೆರಿಕದಲ್ಲಿ ಒಂದು ಕಣ್ಣಿನ ಪೊರೆ ಇದ್ದ, ಏಳು ತಿಂಗಳು ತುಂಬದ 114 ಕೂಸುಗಳನ್ನು ಹತ್ತು ವರ್ಷ ಗಮನಿಸಿದರು. ಅರ್ಧದಷ್ಟು ಮಕ್ಕಳಿಗೆ ಒಳಗೆ ಲೆನ್ಸ್, ಉಳಿದವರಿಗೆ ಹೊರಗೆ ಕಾಂಟ್ಯಾಕ್ಟ್ ಲೆನ್ಸ್. ದೃಷ್ಟಿಯಲ್ಲಿ ಎರಡೂ ಗುಂಪು ಒಂದೇ. ಒಳಗೆ ಲೆನ್ಸ್ ಕೂರಿಸಿದವರಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಹೆಚ್ಚು. ಎರಡೂ ಕಣ್ಣಿನ ಪೊರೆ ತೆಗೆದ ಮಕ್ಕಳಿಗೆ ದಪ್ಪ ಕನ್ನಡಕ ಸಾಕಾಗುತ್ತದೆ. ಒಂದು ಕಣ್ಣಿನದಾದರೆ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ ಪೊರೆ ತೆಗೆದ ಸೋಮಾರಿ ಕಣ್ಣನ್ನು ದುಡಿಸಬೇಕು. ಮಗು ಅಳುತ್ತದೆ, ಪಟ್ಟಿ ಕಿತ್ತೆಸೆಯುತ್ತದೆ, ನೆರೆಯವರು ‘ಪಾಪ, ಯಾಕೆ ಕೂಸನ್ನು ಗೋಳು ಹೊಯ್ಕೋತೀಯ’ ಎನ್ನುತ್ತಾರೆ. ಶಾಲೆಗೆ ಹೋದರೆ ಸೋಡಾಬುಡ್ಡಿ ಅನ್ನುವವರು ಇರುತ್ತಾರೆ. ಇದನ್ನೆಲ್ಲ ವರ್ಷಗಟ್ಟಲೆ ತಡೆದುಕೊಂಡ ತಾಯಂದಿರ ಮಕ್ಕಳೇ ಇವತ್ತು ನನ್ನ ಎದುರು ಕೂತು ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರ ಓದುತ್ತಾರೆ. ಯಾವ ಲೇಸರೂ ಮಾಡಲಾರದ ಕೆಲಸ ಅದು. ಜತೆಗೆ ಪೊರೆ ತೆಗೆದ ಕಣ್ಣಿಗೆ ವರ್ಷಗಳ ಮೇಲೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಬರುವುದುಂಟು. ಆದ್ದರಿಂದ ತಪಾಸಣೆ ಜೀವಮಾನವಿಡೀ ತಪ್ಪಬಾರದು.

ಹಾವೇರಿಯ ಆ ಕೂಸಿಗೆ ಲೇಸರ್ ಬಳಸಲಿಲ್ಲ. ಕೈಯಿಂದಲೇ ಮಾಡಿದೆವು, ಕೆಲವು ದಿನಗಳ ಅಂತರದಲ್ಲಿ ಎರಡು ಕಣ್ಣು. ಹೊಲಿಗೆಯನ್ನೂ ಹಾಕಿದೆವು. ಅಜ್ಜಿಗೆ ಮೊದಲು ಸಮಾಧಾನವಾಗಲಿಲ್ಲ. ಕನ್ನಡಕ ಕೊಟ್ಟು ಎರಡು ವಾರಕ್ಕೆ ಬಂದಾಗ ಕೂಸು ಅಜ್ಜಿಯ ಮೂಗುತಿಗೆ ಕೈ ಚಾಚುತ್ತಿತ್ತು. ಕಣ್ಣಿನ ಅದುರು ಸ್ವಲ್ಪ ಉಳಿದಿದೆ. ಹದಿನೈದನೆಯ ದಿನ ಬಂದಿದ್ದರೆ ಅದು ಬಹುಶಃ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆರು ಸಲ ಮನೆಗೆ ಬರುತ್ತಾರೆ. ನಲವತ್ತೆರಡು ದಿನ ಅಂದರೆ ಆರು ವಾರ. ಅವರನ್ನು ಕೇಳಿ, ಕಣ್ಣನ್ನೂ ನೋಡಮ್ಮ ಎನ್ನಿ. ಅವರಿಗಾಗಿಯೂ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಎಳೆಗೂಸು ಇದ್ದರೆ ನಾಳೆ ಬೆಳಿಗ್ಗೆ ಬಾಗಿಲ ಬೆಳಕಿಗೆ ಕರೆತಂದು ಎರಡೂ ಪಾಪೆ ಕಪ್ಪಗಿವೆಯೇ ನೋಡಿ. ಬೆಳ್ಳಗೆ ಕಂಡರೆ, ಮೊಬೈಲ್ ಫೋಟೋದಲ್ಲಿ ಒಂದು ಕಣ್ಣು ಮಾತ್ರ ಬೆಕ್ಕಿನ ಕಣ್ಣಿನಂತೆ ಹೊಳೆದರೆ, ಎರಡು ತಿಂಗಳು ಕಳೆದರೂ ಕೂಸು ನಿಮ್ಮ ಮುಖ ನೋಡದಿದ್ದರೆ, ಕಣ್ಣಿನ ವೈದ್ಯರಲ್ಲಿಗೆ ಹೊರಡಿ. ಬೆಳ್ಳಗಿನ ಪಾಪೆ ಕೆಲವೊಮ್ಮೆ ಕಣ್ಣಿನ ಕ್ಯಾನ್ಸರಿನ ಗುರುತೂ ಆಗಿರುತ್ತದೆ. ಬಲಿಯಲಿ ಎಂದು ಕಾಯಬೇಡಿ, ಅದೇ ವಾರ ಹೊರಡಿ.